ಬಾವಿಯಲ್ಲಿ ಉಸಿರಾಡುವ ಹೆಪ್ಪು

ಬೆಳಕು ಇನ್ನೂ ಪೂರ್ತಿ ಕಣ್ಣು ಬಿಟ್ಟಿಲ್ಲ. ಅಪೊಲೋನಿಯಾ ಬಾವಿಕಟ್ಟೆಗೆ ಹೊಟ್ಟೆ ಆನಿಸಿ ನಿಂತು ಹಗ್ಗ ಎಳೆಯುತ್ತಿದ್ದಾರೆ. ತುದಿಯಲ್ಲಿ ಗಾಜಿನ ಜಾಡಿ, ಜಾಡಿಯಲ್ಲಿ ಬೀರಿನ ಹೆಪ್ಪು. ಪೇಟೆಯವರು ಯೀಸ್ಟ್ ಅನ್ನುತ್ತಾರೆ. ಅಪೊಲೋನಿಯಾ ‘ಅವಳು’ ಅನ್ನುತ್ತಾರೆ. ಒಂದು ಸಲದ ಬೀರಿನ ತಳದಿಂದ ಎತ್ತಿಟ್ಟದ್ದನ್ನು ಮುಂದಿನ ಸಲಕ್ಕೆ ಹಾಕುವುದು, ಅದರಿಂದ ಮತ್ತೆ ಎತ್ತಿಡುವುದು. ಅವರ ಅಜ್ಜಿಯ ಕಾಲದಿಂದ ಈ ಸರಪಳಿ ಕಡಿದಿಲ್ಲ.

ಇವತ್ತು ಅವರ ಕೈ ಅರ್ಧಕ್ಕೇ ನಿಲ್ಲುತ್ತದೆ. ಹಗ್ಗ ಒದ್ದೆಯಾಗಿದೆ. ನೀರಿನ ಮೇಲೆ ತಣ್ಣಗೆ ತೂಗುತ್ತಿರಬೇಕಾದ ಜಾಡಿ ನೀರೊಳಗೆ ಮುಳುಗಿದೆ. ಹಿಮ ಈ ವಾರ ಒಂದೇ ಸಮನೆ ಕರಗಿದೆ, ಬಾವಿ ಉಕ್ಕಿದೆ. ಹೆಪ್ಪು ಉಸಿರಾಡಲೆಂದು ಸಡಿಲ ಬಿಟ್ಟಿದ್ದ ಮುಚ್ಚಳ ತೆಗೆದು ಮೂಗು ಹತ್ತಿರ ಒಯ್ಯುತ್ತಾರೆ. ಬಿಸಿ ರೊಟ್ಟಿಯ ವಾಸನೆ ಬರಬೇಕಾದಲ್ಲಿ ಕೊಳೆತ ಎಲೆಯ ವಾಸನೆ.

“ಮುಟ್ಟಿದಾಗ ಮಗು ತಣ್ಣಗಿದ್ರೆ ಹೇಗಾಗುತ್ತೆ, ಹಾಗಾಯ್ತು” ಎಂದು ಅಪೊಲೋನಿಯಾ ಆಮೇಲೆ ಹೇಳುತ್ತಾರೆ.

ಲಿಥುವೇನಿಯಾದ ಉತ್ತರದ ಅಂಚಿನ ಗಿರ್ವಾಯ್ ಹಳ್ಳಿಯಲ್ಲಿ ಮದುವೆಯಿರಲಿ, ಮಣ್ಣಿರಲಿ, ಬೀರು ಅಪೊಲೋನಿಯಾರ ಕೊಟ್ಟಿಗೆಯಿಂದಲೇ ಬರಬೇಕು. ಹಗಲು ಶಾಲೆಯ ಅಡುಗೆಮನೆಯಲ್ಲಿ ಬೀಟ್‌ರೂಟ್ ಸಾರು ಕಾಯಿಸುವ ಈ ಹೆಂಗಸಿನ ಹೆಸರನ್ನು ಕುಡಿಯುವವರಾರೂ ಎತ್ತುವುದಿಲ್ಲ. ‘ಈ ಸಲ ಬೀರು ಚೆನ್ನಾಗಿದೆ’ ಅನ್ನುತ್ತಾರೆ, ಅದು ಮಳೆಯಂತೆ ತಾನಾಗಿಯೇ ಬಿದ್ದಿತೇನೋ ಎಂಬಂತೆ. ಈ ವಾರ ಅಂಚೆ ಕಚೇರಿಯ ಹುಡುಗಿ ರಸಾಳ ಮದುವೆ. ಜೂನಿಪರ್ ಎಂಬ ಪರಿಮಳದ ಪೊದೆಯ ಕಡ್ಡಿಗಳ ಹಾಸಿನಲ್ಲಿ ಸೋಸಿದ ಬಾರ್ಲಿಯ ಸಿಹಿರಸ ನಿನ್ನೆ ಸಂಜೆಯೇ ಪೀಪಾಯಿ ಸೇರಿದೆ. ಇಲ್ಲಿ ಆ ರಸವನ್ನು ಕುದಿಸುವ ಪದ್ಧತಿಯಿಲ್ಲ. ಕುದಿಸದ ರಸವೆಂದರೆ ಹಾಲಿದ್ದಂತೆ. ಉಗುರುಬೆಚ್ಚಗಿರುವಾಗಲೇ ಹೆಪ್ಪು ಬೀಳದಿದ್ದರೆ ಮಧ್ಯಾಹ್ನದೊಳಗೆ ತಾನೇ ಹುಳಿ ಹಿಂಡಿಕೊಳ್ಳುತ್ತದೆ.

ಆದರೆ ಅವರನ್ನು ನಡುಗಿಸಿದ್ದು ಮದುವೆಯಲ್ಲ. “ಬೀರಿಲ್ಲ ಅಂದ್ರೆ ಅಂಗಡಿಯಿಂದ ತರ್ತಾರೆ, ನಾಲ್ಕು ಮಾತು ಅಂತಾರೆ, ಅನ್ಲಿ. ಇವಳು ಹೋದ್ರೆ ಎಲ್ಲಿಂದ ತರೋದು?”

ಸ್ವಲ್ಪ ಸಿಹಿರಸವನ್ನು ಬಟ್ಟಲಿಗೆ ತೋಡಿ, ಜಾಡಿಯಿಂದ ಒಂದು ಚಮಚ ಹಾಕಿ, ಒಲೆಯ ಅಂಚಿಗಿಟ್ಟು ಬಟ್ಟೆ ಮುಚ್ಚುತ್ತಾರೆ. ಜೀವವಿದ್ದರೆ ನೊರೆ ಏಳಬೇಕು. ಬಟ್ಟೆ ಎತ್ತಿ ನೋಡುತ್ತಾರೆ, ಮುಚ್ಚುತ್ತಾರೆ, ಮತ್ತೆ ಎತ್ತುತ್ತಾರೆ. ಕೊನೆಗೊಂದು ಗುಳ್ಳೆ ಬರುತ್ತದೆ. ಅದೂ ಮನಸ್ಸಿಲ್ಲದ ಮನಸ್ಸಿನಿಂದ ಒಡೆದುಹೋಗುತ್ತದೆ. ಮತ್ತೊಂದು ಬರುವುದೇ ಇಲ್ಲ.

ಇಂಥ ದಿನಕ್ಕೆಂದೇ ಈ ಊರಲ್ಲೊಂದು ಕಟ್ಟುಪಾಡಿದೆ. ಪ್ರತಿ ಬೀರಿನ ನಂತರ ಹೊಸ ಹೆಪ್ಪಿನ ಅರ್ಧ ತಮ್ಮ ಬಾವಿಗೆ, ಅರ್ಧ ಪಕ್ಕದ ಮನೆಗೆ. ಹಿಂದೆ ಸೈನಿಕರು ಬಂದು ಅಪೊಲೋನಿಯಾರ ಅಜ್ಜಿಯ ಮನೆಯವರನ್ನೆಲ್ಲ ಗಡೀಪಾರು ಮಾಡಿ ಸೈಬೀರಿಯಾದ ರೈಲಿಗೆ ತುಂಬಿದಾಗ ಮನೆ ಹೋಯಿತು, ಹಸು ಹೋಯಿತು. ವರ್ಷಗಳಾದ ಮೇಲೆ ಬದುಕಿ ಬಂದವರಿಗೆ ಹೆಪ್ಪು ಮಾತ್ರ ಪಕ್ಕದ ಮನೆಯಲ್ಲಿ ಬುಸುಗುಟ್ಟುತ್ತ ಕಾದಿತ್ತು. ಆ ಮನೆಯಲ್ಲಿ ಈಗಿರುವವನು ಜೆನೋನಸ್.

ಕಳೆದ ಶರತ್ಕಾಲದಲ್ಲಿ ಆ ಜೆನೋನಸ್‌ಗೆ ಅಪೊಲೋನಿಯಾ ಹೆಪ್ಪು ಕೊಡಲಿಲ್ಲ. ಯಾರದೋ ನಾಮಕರಣದ ಹಬ್ಬದಲ್ಲಿ ಆತ ಇವರನ್ನು ಅಣಕಿಸಿ ತೋರಿಸಿದ್ದ. ತಲೆಗೆ ಹೆಂಗಸರ ತಲೆವಸ್ತ್ರ ಬಿಗಿದು, ಪೀಪಾಯಿಗೆ ಕಿವಿಯಿಟ್ಟು, ‘ಶ್... ಅವಳಿಗೆ ಈಗಷ್ಟೇ ನಿದ್ದೆ ಹತ್ತಿದೆ’ ಎಂದು ತೆಳ್ಳಗಿನ ದನಿಯಲ್ಲಿ ಉಲಿದಾಗ ಇಡೀ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಬೀರು ಹುಳಿಯಾಗಲಿಲ್ಲ, ನೆರೆಹೊರೆ ಹುಳಿಯಾಯಿತು. ಚಳಿಗಾಲವಿಡೀ ಇದ್ದದ್ದು ಒಂದೇ ಜಾಡಿ, ಒಂದೇ ಬಾವಿ.

“ಸಿಟ್ಟಲ್ಲಿ ಅವನಿಗೆ ಬುದ್ಧಿ ಕಲಿಸ್ದೆ ಅಂದ್ಕೊಂಡಿದ್ದೆ” ಎನ್ನುತ್ತಾರೆ. “ಅಜ್ಜಿ ಇದ್ದಿದ್ರೆ ಸೌಟಲ್ಲಿ ಬಾರಿಸೋಳು.”

ಕೊನೆಗೆ ತಲೆವಸ್ತ್ರ ಕಟ್ಟಿಕೊಂಡು ಕೆಸರಲ್ಲಿ ಹೊರಡುತ್ತಾರೆ. ಜೆನೋನಸ್ ಬಾಗಿಲಲ್ಲೇ ನಿಂತು ಹೊಗೆಯಾಡಿಸಿದ ಹಂದಿಕೊಬ್ಬು ಕೊಯ್ಯುತ್ತಿದ್ದಾನೆ.

“ಏನು ನೆರೆಯಮ್ಮ, ದಾರಿ ತಪ್ಪಿತಾ?”

“ಬಾವಿ ಉಕ್ಕಿದೆ.”

ಅವನ ಚಾಕು ನಿಲ್ಲುತ್ತದೆ. ನಗು ಬರುವುದಿಲ್ಲ. “ಮುಳುಗಿದ್ಳಾ?”

“ಹೂಂ. ನಿನ್ನ ಹತ್ರ ಹಳೇದೇನಾದ್ರೂ ಉಳಿದಿದ್ಯಾ? ನಾನು ಕೊಟ್ಟಿಲ್ಲ, ಗೊತ್ತು. ಬೈಯೋದಿದ್ರೆ ಬೇಗ ಬೈದುಬಿಡು, ರಸ ಆರ್ತಾ ಇದೆ.”

ಜೆನೋನಸ್ ಚಾಕು ಕೆಳಗಿಟ್ಟು ನೆಲಮಾಳಿಗೆಗೆ ಇಳಿಯುತ್ತಾನೆ. ಅವನು ಮೇಲೆ ಬರುವಷ್ಟರಲ್ಲಿ ಅಪೊಲೋನಿಯಾ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾರೆ. ಅವನ ಕೈಯಲ್ಲಿ ಉಪ್ಪಿನಕಾಯಿಯ ಸಣ್ಣ ಜಾಡಿ. ಮುಚ್ಚಳ ಸಡಿಲಿಸಿದರೆ ಬುಸ್ಸೆನ್ನುತ್ತದೆ.

“ಹೋದ ವಸಂತದಲ್ಲಿ ನೀನೇ ಕೊಟ್ಟಿದ್ದು. ಹೊಸದು ನೀನು ಕೊಡಲಿಲ್ಲ, ಇದಾದ್ರೂ ಸತ್ತುಹೋದ್ರೆ ಅಂತ ನನಗೂ ಪುಕಪುಕ. ಆಗಾಗ ಒಂದು ಪಾತ್ರೆ ಬೀರು ಮಾಡಿ ಉಳಿಸ್ಕೊಂಡೆ. ನಿನ್ನ ಥರಾನೇ ಕಿವಿ ಇಟ್ಟು ಕೇಳ್ತಿದ್ದೆ. ಅಣಕಿಸೋಕೆ ಕಲಿತಿದ್ದು ಕೆಲಸಕ್ಕೆ ಬಂತು.”

“ಬೀರು ಹೇಗಿತ್ತು?”

“ಕುದುರೆ ಕೂಡ ಮೂಸಲಿಲ್ಲ. ಹೆಪ್ಪಿನ ತಪ್ಪಲ್ಲ, ನಂದು.”

ಹೆಪ್ಪು ಪಡೆದವರು ಇಲ್ಲಿ ಧನ್ಯವಾದ ಹೇಳುವಂತಿಲ್ಲ. ಹೇಳಿದರೆ ಅದು ಮುನಿಸಿಕೊಂಡು ಏಳುವುದಿಲ್ಲವಂತೆ. ಅಪೊಲೋನಿಯಾ ಜಾಡಿಯನ್ನು ಕೋಟಿನೊಳಗೆ ಎದೆಗವಚಿಕೊಂಡು ನಡೆಯುತ್ತಾರೆ. ಕೆಸರಲ್ಲಿ ಜಾರಿದರೆ ಎಲ್ಲ ಮುಗಿಯಿತು. ಹೆಜ್ಜೆಗೊಮ್ಮೆ ಕಾಲಿಡುವ ಜಾಗವನ್ನು ಒತ್ತಿ ನೋಡುತ್ತಾರೆ.

ಆ ಮಧ್ಯಾಹ್ನ ಅವರು ಊಟ ಮಾಡಲಿಲ್ಲ. ಹೆಪ್ಪು ಸುರಿದು, ಪೀಪಾಯಿಗೆ ಹಳೆಯ ಕುರಿಚರ್ಮದ ಕೋಟು ಹೊದಿಸಿ, ಪಕ್ಕದಲ್ಲೇ ಮಣೆ ಹಾಕಿ ಕೂತರು. ಜೆನೋನಸ್ ಬೇಲಿಯಾಚೆ ಸೌದೆ ಒಡೆಯುವ ನೆಪದಲ್ಲಿ ಒಂದೇ ಕೊರಡನ್ನು ಬಹಳ ಹೊತ್ತು ಒಡೆದ. ಕತ್ತಲಾಗುವ ಮುಂಚೆ ಪೀಪಾಯಿಯ ಹಲಗೆಯೊಳಗಿನಿಂದ ಸಣ್ಣಗೆ ಹೆಪ್ಪು ಏಳುವ ಸರಸರ ಸದ್ದು. ಅಪೊಲೋನಿಯಾ ಹೊರಗೆ ಬಂದು ಬೇಲಿಯ ಕಡೆ ಹೌದೆಂಬಂತೆ ತಲೆಯಾಡಿಸಿದರು. ಕೊಡಲಿ ಸುಮ್ಮನಾಯಿತು.

ಮದುವೆಯಲ್ಲಿ ಪೀಪಾಯಿ ಬರಿದಾಯಿತು. ಯಾರೂ ಏನೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ತಳದ ಹೆಪ್ಪನ್ನು ಈ ಸಲ ಅರ್ಧರ್ಧ ಮಾಡಲಿಲ್ಲ. ಜೆನೋನಸ್‌ಗೆ ಕೊಟ್ಟರು, ಮದುಮಗಳಿಗೆ ಕೊಟ್ಟರು, ಜೆನೋನಸ್‌ನ ತಂಗಿ, ಎದುರಾದರೆ ಇವರಿಗೆ ಮುಖ ತಿರುಗಿಸುವವಳು, ಅವಳ ಮನೆಗೂ ಹೋಗಿ ಕಿಟಕಿಯ ಅಂಚಿನಲ್ಲಿಟ್ಟು ಬಂದರು.

ಭಯ ಹೋಯಿತೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ. “ಎಲ್ಲಿ ಹೋಗುತ್ತೆ? ಹಗ್ಗ ಹಿಡಿದಾಗೆಲ್ಲ ಇರುತ್ತೆ. ನನ್ನ ಆಸೆ ಇಷ್ಟೇ. ನನ್ನ ಕಂಡರಾಗದವರ ಮನೇಲೂ ಇವಳಿರ್ಲಿ. ಅವರು ನನ್ನ ಬೈಕೊಂಡೇ ಇವಳನ್ನ ಸಾಕ್ಲಿ.”