ಮೈಕ್ ತೆಗೆಯಲೊಲ್ಲದ ಆ್ಯಪ್

ನಾನೂ ನನ್ನ ಗೆಳತಿಯೂ ಬ್ರೂಸ್‌ಪೇಟೆಯ ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೂತು ಒಂದು ಆ್ಯಪ್ ಮಾಡಿದ್ದೆವು. ಭತ್ತದ ನಾಟಿಗೆ ಹೋಗುವ ಹೆಂಗಸರು ಫೋನಿಗೆ ಹೇಳಿದರೆ ಸಾಕು, ಆ ಮಾತೇ ಗದ್ದೆಯವರಿಗೆ ತಲುಪುತ್ತಿತ್ತು. ಅದನ್ನು ಮಾಡಿದ್ದೇ ಸಿರಿಗೇರಿಯ ನನ್ನ ಚಿಕ್ಕಮ್ಮನನ್ನು, ನಮ್ಮ ಮಾತಿನಲ್ಲಿ ಚಿಗವ್ವನನ್ನು, ನೋಡಿ. ನಾಟಿ ಗುಂಪು ಕಟ್ಟಿಕೊಂಡು ಊರೂರು ತಿರುಗುವ ಆಕೆಗೆ ಓದು ಬರಹವಿಲ್ಲ.

ಫೋನಿಗೆ ಆ್ಯಪ್‌ಗಳನ್ನು ಒದಗಿಸುವ ಆ್ಯಪ್ ಮಾರುಕಟ್ಟೆಯವರು ಅದನ್ನು ತಿರಸ್ಕರಿಸಿದರು. ಕೆಲಸ ಹುಡುಕುವ ಆ್ಯಪಿಗೆ ಮೈಕಿನ ಅನುಮತಿ ಅನಗತ್ಯವಂತೆ. ವಿವರವಾಗಿ ಬರೆದು ಕಳಿಸಿದೆವು. ಅದೇ ವಾಕ್ಯ ಒಂದಕ್ಷರವೂ ಬದಲಾಗದೆ ವಾಪಸು ಬಂತು. ದೊಡ್ಡ ಕಂಪನಿಯೊಂದರ ಆ್ಯಪ್ ಮಾತ್ರ ಅದೇ ಅನುಮತಿ ಕೇಳುತ್ತ ಅಲ್ಲೇ ಆರಾಮಾಗಿ ಕೂತಿತ್ತು. ನನಗೆ ಮೈಯೆಲ್ಲ ಉರಿಯಿತು.

"ಮೈಕ್ ತೆಗೆದುಬಿಡೋಣಲೇ," ಎಂದಳು ಗೆಳತಿ. "ಟೈಪ್ ಮಾಡೋದು ಇಟ್ರ ಪಾಸಾಕ್ಕೈತಿ."

"ಪಾಸಾಕ್ಕೈತಿ, ಖರೇ. ಚಿಗವ್ವ ಹೆಂಗ ಬಳಸ್ತಾಳ?"

"ಹಂಗಾದ್ರ ಆಕೀನ್ನ ಕೇಳೋಣ ನಡಿ," ಎಂದಳು. ಮರುದಿನ ಇಬ್ಬರೂ ಸಿರಿಗೇರಿಯ ಬಸ್ಸು ಹತ್ತಿದೆವು.

ಚಿಗವ್ವ ಗದ್ದೆಯಲ್ಲಿದ್ದಳು, ಮೊಣಕಾಲವರೆಗೆ ಕೆಸರು. ಪರೀಕ್ಷೆಗೆಂದು ಆಕೆಯ ಫೋನಿಗೂ ತೆಕ್ಕಲಕೋಟೆಯ ಒಬ್ಬ ರೈತರ ಫೋನಿಗೂ ಆ್ಯಪ್ ಹಾಕಿಕೊಟ್ಟಿದ್ದೆವು. ಸಂಗತಿ ಹೇಳಿದೆ.

"ಬ್ಯಾಡ ಅಂದೋರು ಎಂದರ ನೆಲ್ಲು ಹಚ್ಯಾರೇನು? ತಗೀ ವಿಡಿಯೋ," ಎಂದು ಬದುವಿಗೆ ಬಂದು ಸೆರಗು ಸರಿಮಾಡಿಕೊಂಡಳು. ಫೋನನ್ನು ಬಾಯಿಯ ಹತ್ತಿರ ಹಿಡಿದು, "ಯಜಮಾನ್ರೇ, ನಾಳಿ ನಮ್ಮ ಮಂದಿ ಖಾಲಿ ಅದೀವ್ರಿ. ಬುತ್ತಿ ನಮ್ದು, ಚಾ ನಿಮ್ದು. ಬೇಕಂದ್ರ ಈಗ ಹೇಳ್ರಿ," ಎಂದಳು.

ನಾವು ಅಲ್ಲಿರುವಾಗಲೇ ಫೋನಿನಲ್ಲಿ ಆ ರೈತರ ಗಡಸು ದನಿ ಬಂತು: "ಬರ್ರೀ, ಚಾ ಎರಡು ಸಲ ಕೊಡ್ತೀವಿ." ಗದ್ದೆ ತುಂಬ ನಗು. ಅದನ್ನೆಲ್ಲ ಗೆಳತಿ ವಿಡಿಯೋ ಮಾಡಿಕೊಂಡಳು.

ಅದನ್ನೇ ಮೇಲ್ಮನವಿಯ ಜೊತೆ ಕಳಿಸಿದೆವು. ಈ ಸಲ ಮನುಷ್ಯರು ಬರೆದಂಥ ಉತ್ತರ ಬಂತು: ಮೊದಲಿನ ತೀರ್ಮಾನ ತಪ್ಪಾಗಿತ್ತು, ಆ್ಯಪಿಗೆ ಅನುಮತಿ ಕೊಟ್ಟಿದ್ದೇವೆ, ಮೈಕ್ ಸಮೇತ.

ನಿಯಮಗಳೇ ಬೇಡವೆಂದು ನಾನು ಹೇಳುವುದಿಲ್ಲ. ಜನರ ಮಾತು ಕದ್ದು ಕೇಳುವ ಆ್ಯಪ್‌ಗಳೂ ಇವೆ. ಆದರೆ ಬೇಡ ಎನ್ನುವವರು ಒಮ್ಮೆ ನೋಡಿ ಬೇಡ ಎನ್ನಬೇಕು, ಯಾಕೆಂದು ಹೇಳಬೇಕು, ದೊಡ್ಡವರಿಗೂ ನಮಗೂ ಅದೇ ಅಳತೆ ಹಿಡಿಯಬೇಕು. ಚಿಗವ್ವನ ದನಿಯನ್ನು ಬಿಟ್ಟುಕೊಡದೆ ಗೆದ್ದೆವಲ್ಲ, ಆ ಹೆಮ್ಮೆ ನನಗೆ ಇಂದಿಗೂ ಇದೆ.

ಈಚೆಗೆ ಕುರುಗೋಡಿನ ಶಾಲಾ ಶಿಕ್ಷಕಿಯೊಬ್ಬರು ನಮ್ಮ ಸುದ್ದಿ ಕೇಳಿ ಫೋನ್ ಮಾಡಿದರು. ಮಕ್ಕಳಿಗೆ ಲೆಕ್ಕ ಕಲಿಸುವ ಅವರ ಆ್ಯಪ್ ತಿರಸ್ಕೃತವಾಗಿತ್ತು. "ಮೇಲ್ಮನವಿ ಹೆಂಗ ಬರಿಬೇಕ್ರೀ?" ಎಂದು ಕೇಳಿದರು. ಗೆಳತಿ ನನ್ನ ಕೈಯಿಂದ ಫೋನ್ ಕಸಿದುಕೊಂಡು, "ನೀವೇನೂ ಚಿಂತಿ ಮಾಡಬ್ಯಾಡ್ರಿ ಮೇಡಂ, ವಿಡಿಯೋ ತಗಿಯಾಕ ಕುರುಗೋಡಿಗೆ ನಾವೇ ಬರ್ತೀವಿ," ಎಂದಳು.