ಫಕ್ಕೀರವ್ವನ ಕೊಡ

ಶಿರಹಟ್ಟಿ ಕಡೆಯ ಹಳ್ಳಿಗಳಲ್ಲಿ ಜಲಾನಯನ ಸಮಿತಿಗೊಬ್ಬಳು ಫಕ್ಕೀರವ್ವ ಇದ್ದೇ ಇರುತ್ತಾಳೆ. ಸಾಹೇಬರು ನಕಾಶೆ ಬಿಚ್ಚುವಷ್ಟರಲ್ಲಿ ಕೊಡದ ನೀರನ್ನು ನೆಲಕ್ಕೆ ಸುರಿದು, ಅದು ಹರಿದ ಕಡೆ ಬೆರಳು ತೋರಿಸಿ, "ಇಲ್ಲೇ ಒಡ್ಡ ಹಾಕ್ರಿ" ಅನ್ನುತ್ತಾಳೆ. ನಮ್ಮೂರಿನವಳಂತೂ ಬೀಗರ ಮನೆಯಲ್ಲಿ ಕಾಲು ತೊಳೆಯಲು ಕೊಟ್ಟ ನೀರನ್ನೂ ಅಂಗಳಕ್ಕೆ ಚೆಲ್ಲಿ ಇಳಿಜಾರು ನೋಡುವವಳು. ಇನ್ನೊಮ್ಮೆ ಸುರಿದು ನೋಡೋಣವೆಂದರೆ ಸಾಹೇಬರಿಗೂ ಬೈಗುಳ ತಪ್ಪದು: "ನೀರು ಖರೆನ ಹೇಳತೈತ್ರಿ, ಎರಡ ಸಲ ಕೇಳಬಾರ್ದ್ರಿ." ಊರ ಹೊಂಡಕ್ಕೆ ಜಾಗ ಹುಡುಕಿದ ದಿನ ಕೊಡದ ನೀರು ನೇರವಾಗಿ ಆಕೆಯದೇ ಶೇಂಗಾ ಹೊಲಕ್ಕೆ ಇಳಿಯಿತು. ಆಕೆಗಿದ್ದದ್ದು ಅದೊಂದೇ ಹೊಲ. ಫಕ್ಕೀರವ್ವ ಇನ್ನೊಂದು ಕೊಡ ತಂದು ಸುರಿದಳು. ಅದೂ ಅಲ್ಲಿಗೇ ಹೋಯಿತು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗುರುತಿನ ಗೂಟವನ್ನು ತಾನೇ ಬಡಿದಳು.