ಜೈತುನಬೀ ಒರಗುತ್ತಿದ್ದ ಗೋಡೆ

ಸುರಪುರದ ಆ ಓಣಿಯಲ್ಲಿ ಮುದುಕಮ್ಮನ ಮೂಗಿಗೆ ಹೆದರದ ಹೆಂಗಸರಿರಲಿಲ್ಲ. ಕೆಂಭಾವಿಯಿಂದ ಸೊಸೆಯಾಗಿ ಬಂದವಳಿಗೆ ಗಂಡನ ಕುರಿಗಳಿಗಿಂತ ಮಂದಿಯ ಮನೆಗೆ ಸುಣ್ಣ ಬಳಿಯುವುದರಲ್ಲೇ ಜೀವ. ಮಳೆಗಾಲದಲ್ಲಿ ಯಾರ ಮನೆಯಲ್ಲಾದರೂ ಬೂಷ್ಟಿನ ವಾಸನೆ ಬಂತೋ, ಮನೆಯೊಡತಿಯ ಗ್ರಹಚಾರ ಬಿಡಿಸುವಳು.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ವರ್ಷ ಪಕ್ಕದ ಮನೆಯ ಹಜರಾಬೀ ಗಲಭೆಗೆ ಹೆದರಿ ಗಂಡನೊಂದಿಗೆ ಹೈದರಾಬಾದಿನ ನೆಂಟರಲ್ಲಿಗೆ ಹೊರಟಳು. ಅವಳ ತಾಯಿ ಜೈತುನಬೀ ತೀರಿಕೊಂಡು ತಿಂಗಳಾಗಿರಲಿಲ್ಲ. ಜೈತುನಬೀ ದಿನವಿಡೀ ತಲೆಯಾನಿಸಿ ಕೂರುತ್ತಿದ್ದ ಗೋಡೆಯಲ್ಲಿ ಎಣ್ಣೆಯ ಕಲೆ ಉಳಿದಿತ್ತು. ಹಜರಾಬೀ ಅದನ್ನು ಸವರಿ, ಮುದುಕಮ್ಮನಿಗೆ ಬೀಗದಕೈ ಕೊಟ್ಟಳು.

“ಅಕ್ಕಾ, ಅಮ್ಮಂದು ಇದೊಂದೇ ಉಳದದ. ಹಾಳಾಗಾಕ ಬಿಡಬ್ಯಾಡ.”

“ನಾ ಇರೂತನಕ ಬೂಷ್ಟು ಹಿಡಿಯಂಗಿಲ್ಲ. ಹೋಗಿ ಬಾ ತಂಗಿ,” ಎಂದುಬಿಟ್ಟಳು ಮುದುಕಮ್ಮ. ಹೇಳುವುದಕ್ಕೇನು!

ಎರಡನೇ ಮಳೆಗಾಲಕ್ಕೆ ಮುಚ್ಚಿದ ಮನೆಯ ಗೋಡೆಗಳು ಕಪ್ಪಿಟ್ಟವು. ಗಾಳಿಯಾಡಿಸಬೇಕೆಂದರೆ ಮುದುಕಮ್ಮನ ಗಂಡ ತಾಯಪ್ಪ ಅಡ್ಡ ಬಂದ.

“ತೆರದ ಮನಿ ಕಂಡ್ರ ಯಾರರ ಬಂದು ಕುಂದರ್ತಾರ.”

“ಹಂಗಾರ ನಾನೇ ಕುಂದರ್ತೀನಿ ತಗೋ.”

ದಿನಾ ಮಧ್ಯಾಹ್ನ ಬಾಗಿಲು, ಗವಾಕ್ಷಿ ತೆರೆದು, ಹಾಸಿಗೆ ಬಿಸಿಲಿಗೆ ಹಾಕಿ, ಬೇವಿನ ಸೊಪ್ಪಿನ ಹೊಗೆಯಿಡುವಳು. ಗೋಡೆ ಕೆರೆದು ಸುಣ್ಣ ಬಳಿದಳು, ಕಲೆಯ ಸುತ್ತ ಮಾತ್ರ ಒಂದು ಮೊಳ ಬಿಟ್ಟಳು. ಎಣ್ಣೆಯಿದ್ದಲ್ಲೇ ಬೂಷ್ಟಿಗೆ ಆಸೆ ಹೆಚ್ಚು. ಅದನ್ನು ಒಣಬಟ್ಟೆಯಿಂದ ದಿನವೂ ಒರೆಸಿದಳು. ಒಂದು ದಿನ ನೋಡುತ್ತಾಳೆ, ಬೂಷ್ಟೂ ಇಲ್ಲ, ಕಲೆಯೂ ಇಲ್ಲ. ಒರೆಸಿ ಒರೆಸಿ ತಾನೇ ಅಳಿಸಿಬಿಟ್ಟಿದ್ದಳು.

ಒರೆಸುವ ಬಟ್ಟೆ ಹಿಡಿದುಕೊಂಡೇ ಅದೇ ಗೋಡೆಗೊರಗಿ ಕುಳಿತಳು. ಗವಾಕ್ಷಿಯ ಬೆಳಕಿನಲ್ಲಿ ಬೇವಿನ ಹೊಗೆ ಮೆಲ್ಲಗೆ ತೂಗಾಡುತ್ತಿತ್ತು, ಕಣ್ಣು ಎಳೆಯಿತು. ಆ ಜೊಂಪಿನಲ್ಲಿ ಜೈತುನಬೀ ಬಂದು ಮಂಡಿಗೆ ಮಂಡಿ ತಾಗಿಸಿ ಕೂತು, ಎಂದಿನಂತೆ ಎಲೆಯಡಿಕೆ ಚಾಚಿದಳು. ಬೈಯಲಿಲ್ಲ. ಎಚ್ಚರಾದಾಗ ಬೆನ್ನ ಹಿಂದಿನ ಗೋಡೆ ಬೆಚ್ಚಗಿತ್ತು, ಅದರ ಮೇಲೆ ಮುದುಕಮ್ಮನ ತಲೆಯೆಣ್ಣೆಯ ಮಸುಕು ಗುರುತು ಬಿದ್ದಿತ್ತು. ಅಂದಿನಿಂದ ದಿನಾ ಅಲ್ಲೇ ಒರಗಿದಳು. ಕಾವಲಿಗೋ, ಕನಸಿಗೋ, ಅವಳಿಗೇ ತಿಳಿಯದು.

ನಾಲ್ಕನೇ ವರ್ಷ ಹಜರಾಬೀ ಬಂದಳು. ನೆಟ್ಟಗೆ ಹೋಗಿ ಗೋಡೆಗೆ ಕೆನ್ನೆಯಿಟ್ಟಳು.

“ಅಕ್ಕಾ, ಅಮ್ಮನ ಎಣ್ಣಿ ವಾಸನಿ ಇನ್ನೂ ಅದ!”

ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಮುದುಕಮ್ಮನಿಗೆ ಆ ವಿದ್ಯೆ ಬರಲಿಲ್ಲ.

“ನಿಮ್ಮವ್ವಂದು ಒರಸೂದ್ರಾಗ ಹೋಗಿಬಿಟ್ಟದ ಹಜರಾ. ಇದು ನನ್ನ ತಲಿ ಎಣ್ಣಿ. ಕೊಟ್ಟ ಮಾತು ಉಳಸಲಿಲ್ಲ ನಾನು.” ದುಃಖ ತಡೆಯದೆ ಅತ್ತಳು.

ಹಜರಾಬೀ ಆ ಗುರುತನ್ನೊಮ್ಮೆ ಸವರಿದಳು. ಆಮೇಲೆ ಮುದುಕಮ್ಮನ ಭುಜ ಹಿಡಿದು ಅದೇ ಜಾಗದಲ್ಲಿ ಕೂರಿಸಿದಳು.

“ಏಳಬ್ಯಾಡ ಅಕ್ಕಾ,” ಎಂದು ಅವಳ ತೊಡೆಯ ಮೇಲೆ ತಲೆಯಿಟ್ಟಳು.